ಹೊಸ ಅಣು ತರುವ ಮೊದಲು ಸೋರಿಕೆ ಎಲ್ಲಿದೆ ನೋಡಿ

ಪ್ರಶ್ನೆ: ನಮ್ಮದು ಭದ್ರಾ ನಾಲೆ ಹಾಯುವ ಊರು. ಎಂಎಸ್ಸಿ ಭೌತಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗಾಗಿ ಸಾವಯವ ಸೌರಕೋಶ ಮಾಡುತ್ತಿದ್ದೇನೆ. ವಿದ್ಯುತ್ ಹರಿಸುವ ಪಾರದರ್ಶಕ ಪದರವಿರುವ ಐಟಿಒ ಗಾಜು, ಅದರ ಮೇಲೆ ಪೆಡಾಟ್-ಪಿಎಸ್‌ಎಸ್ ಎಂಬ ವಾಹಕ ಪಾಲಿಮರ್, ಆಮೇಲೆ ಬೆಳಕು ಹೀರುವ ಪಿ3ಎಚ್‌ಟಿ ಪಾಲಿಮರ್ ಮತ್ತು ಎಲೆಕ್ಟ್ರಾನ್ ಪಡೆಯುವ ಪಿಸಿಬಿಎಂ (ಫುಲ್ಲರೀನ್ ಎಂಬ ಇಂಗಾಲದ ಗೋಳದಂಥ ಅಣು) ಮಿಶ್ರಣ, ಕೊನೆಗೆ ಅಲ್ಯೂಮಿನಿಯಂ. ಮಿಶ್ರಣವನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ತೆರೆದ ಕೋಣೆಯಲ್ಲೇ ಸ್ಪಿನ್ ಮಾಡುತ್ತೇನೆ (ಗಾಜನ್ನು ವೇಗವಾಗಿ ತಿರುಗಿಸಿ ದ್ರಾವಣವನ್ನು ತೆಳುಪದರವಾಗಿ ಹರಡುವುದು), ಹಾಟ್ ಪ್ಲೇಟ್ ಮೇಲೆ 80 ಡಿಗ್ರಿಗೆ 10 ನಿಮಿಷ ಇಡುತ್ತೇನೆ. ಫಿಲ್ಮ್ ಕಿತ್ತಳೆಗೆಂಪಾಗಿ ಚೆನ್ನಾಗಿ ಹೊಳೆಯುತ್ತದೆ. ಬಿಸಿಲಿನಂಥದೇ ಬೆಳಕು ಕೊಡುವ ಸೋಲಾರ್ ಸಿಮ್ಯುಲೇಟರ್ ಇಲ್ಲ. ಹ್ಯಾಲೊಜೆನ್ ದೀಪವನ್ನು ಸಿಲಿಕಾನ್ ಫೋಟೋಡಯೋಡ್ ಇಟ್ಟು ಒಂದು ಸೂರ್ಯನಷ್ಟಕ್ಕೆ ಹೊಂದಿಸಿಕೊಂಡಿದ್ದೇವೆ. ಸಿಕ್ಕಿದ್ದು ಇಷ್ಟು: ಓಪನ್ ಸರ್ಕ್ಯೂಟ್ ವೋಲ್ಟೇಜ್ 0.54 ವೋಲ್ಟ್, ಚದರ ಸೆಂಟಿಮೀಟರಿಗೆ 3.2 ಮಿಲಿಆಂಪ್ ಕರೆಂಟ್, ಫಿಲ್ ಫ್ಯಾಕ್ಟರ್ (ಗರಿಷ್ಠ ವೋಲ್ಟೇಜ್ ಮತ್ತು ಗರಿಷ್ಠ ಕರೆಂಟ್‌ಗಳ ಗುಣಲಬ್ಧದಲ್ಲಿ ನಿಜವಾಗಿ ಕೈಗೆ ಸಿಗುವ ಪಾಲು) 38%. ದಕ್ಷತೆ 0.66%. ವಾರ ಕಳೆದರೆ ಅದೂ ಇರುವುದಿಲ್ಲ. ಪೇಪರ್‌ಗಳಲ್ಲಿ ಇದೇ ಮಿಶ್ರಣಕ್ಕೆ 3–4% ಇದೆ, ಹೊಸ ವಸ್ತುಗಳಿಗೆ 19–20% ಬರೆದಿದ್ದಾರೆ. ನಮ್ಮ ಗೈಡ್ ಸರ್ "ಪಿ3ಎಚ್‌ಟಿ ಹಳೇದಾಯ್ತು, ಪಿಎಂ6, ವೈ6 ಅಂತ ಹೊಸ ವಸ್ತು ತರಿಸೋಣ" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಗೆಳತಿ "ಗ್ಲೋವ್ ಬಾಕ್ಸ್ (ಗಾಳಿ, ತೇವ ತಾಗದ ಪೆಟ್ಟಿಗೆ) ಇಲ್ಲದೆ ಇದು ಆಗೋದೇ ಇಲ್ಲ" ಅನ್ನುತ್ತಾಳೆ. ಅಪ್ಪ ಮಾತ್ರ ನೆಮ್ಮದಿಯಾಗಿದ್ದಾರೆ, "ಸಾವಯವ ಅಂದಮೇಲೆ ವಿಷ ಇರಲ್ಲ ಬಿಡು" ಅಂತ. ಉಳಿದಿರುವುದು ನಾಲ್ಕು ತಿಂಗಳು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಂಡವು. ಉಳಿದ ನಾಲ್ಕು ತಿಂಗಳನ್ನು ಯಾವುದಕ್ಕೆ ಕೊಡಬೇಕು ಎಂಬುದು ನೀವೇ ಬರೆದದ್ದು. ಇನ್ನೊಂದು ಬರೆಯದಿದ್ದರೂ ತಿಳಿಯುತ್ತದೆ: ನಮ್ಮಂಥ ಕಾಲೇಜಿನ ಲ್ಯಾಬಿಗೆ ಇದು ಎಟುಕುವ ಕೆಲಸವೇ ಅಲ್ಲವೇನೋ ಎಂಬ ಅಳುಕು. ಮೊದಲು ಆ ಅಳುಕಿಗೆ ಉತ್ತರ ಹೇಳುತ್ತೇನೆ. ಎಟುಕುತ್ತದೆ. ತೆರೆದ ಕೋಣೆಯಲ್ಲಿ ಕೂತು ಇದೇ ಪಿ3ಎಚ್‌ಟಿಯಲ್ಲಿ 2–3% ಮುಟ್ಟಿದ ವಿದ್ಯಾರ್ಥಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಬಳಿ ನಿಮಗಿಂತ ಹೆಚ್ಚಿನ ಉಪಕರಣವೇನೂ ಇರಲಿಲ್ಲ. ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕುವ ತಾಳ್ಮೆ ಇತ್ತು.

ವಸ್ತು ಬದಲಿಸುವ ಮಾತನ್ನು ಸ್ವಲ್ಪ ಹೊತ್ತು ಬದಿಗಿಡೋಣ. 0.66 ಎಂಬ ಸಂಖ್ಯೆ ಮೂರು ಸಂಖ್ಯೆಗಳ ಗುಣಲಬ್ಧ. ಅದನ್ನು ಬಿಡಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಈ ಮಿಶ್ರಣದ ಒಳ್ಳೆಯ ಕೋಶದಲ್ಲಿ ವೋಲ್ಟೇಜ್ ಸುಮಾರು 0.6, ಕರೆಂಟ್ 9ರ ಆಸುಪಾಸು, ಫಿಲ್ ಫ್ಯಾಕ್ಟರ್ 60–65% ಇರುತ್ತದೆ. ನಿಮ್ಮ ವೋಲ್ಟೇಜ್ ಹೆಚ್ಚುಕಡಿಮೆ ಸರಿಯಾಗೇ ಇದೆ. ಅಂದರೆ ವಸ್ತುಗಳು ಒಂದಕ್ಕೊಂದು ಹೊಂದಿವೆ, ಎರಡೂ ಕಡೆಯ ಎಲೆಕ್ಟ್ರೋಡ್‌ಗಳು ತಮ್ಮ ಕೆಲಸ ಮಾಡುತ್ತಿವೆ. ಕರೆಂಟ್ ಮಾತ್ರ ಮೂರನೇ ಒಂದು ಭಾಗ, ಫಿಲ್ ಫ್ಯಾಕ್ಟರ್ ಅರ್ಧಕ್ಕಿಂತ ಸ್ವಲ್ಪ ಮೇಲೆ. ನಿಮ್ಮ ಊರಿನ ನಾಲೆಯನ್ನೇ ನೆನೆಯಿರಿ. ಕೊನೇ ಭಾಗದ ಗದ್ದೆಗೆ ನೀರು ಬರದಿದ್ದರೆ ಜಲಾಶಯವೇ ಖಾಲಿ ಎಂದು ಯಾರೂ ತೀರ್ಮಾನಿಸುವುದಿಲ್ಲ. ತೂಬಿನಿಂದ ಎಷ್ಟು ಬಿಟ್ಟರು, ದಾರಿಯಲ್ಲಿ ಎಲ್ಲಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ ಎಂದು ನೋಡುತ್ತಾ ಹೋಗುತ್ತಾರೆ. ಇಲ್ಲೂ ಹಾಗೇ ಹೋಗೋಣ.

ತೂಬಿನಿಂದ ಬಿಟ್ಟ ನೀರು ಎಂದರೆ ಬೆಳಕು. ನನ್ನ ಮೊದಲ ಅನುಮಾನ ನಿಮ್ಮ ಕೋಶದ ಮೇಲಲ್ಲ, ಹ್ಯಾಲೊಜೆನ್ ದೀಪದ ಮೇಲೆ. ಹ್ಯಾಲೊಜೆನ್ ಬಿಸಿ ತಂತಿಯ ಬೆಳಕು, ಅದರ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಸಿಲಿಕಾನ್ ಫೋಟೋಡಯೋಡ್ ಸುಮಾರು 1100 ನ್ಯಾನೋಮೀಟರ್‌ವರೆಗೂ ಬೆಳಕನ್ನು ಲೆಕ್ಕ ಹಿಡಿಯುತ್ತದೆ. ಆದ್ದರಿಂದ ಆ ಇನ್‌ಫ್ರಾರೆಡ್ಡನ್ನೂ ಸೇರಿಸಿಕೊಂಡು "ಒಂದು ಸೂರ್ಯ ಆಯಿತು" ಎಂದು ನಿಮಗೆ ಹೇಳಿತು. ಪಿ3ಎಚ್‌ಟಿ ಹೀರುವುದು ಸುಮಾರು 650 ನ್ಯಾನೋಮೀಟರ್‌ವರೆಗೆ ಮಾತ್ರ. ಅದಕ್ಕೆ ಬೇಕಾದ ನೀಲಿ-ಹಸಿರು ಬೆಳಕು ಆ ದೀಪದಲ್ಲಿ ಬಿಸಿಲಿನಲ್ಲಿರುವುದಕ್ಕಿಂತ ಬಹಳ ಕಡಿಮೆ. ನಿಮ್ಮ ಕೋಶಕ್ಕೆ ಪಾಲಿನ ಬೆಳಕೇ ತಲುಪಿಲ್ಲ. ನನ್ನ ಅಂದಾಜಿನಲ್ಲಿ ನಿಜವಾದ ಬಿಸಿಲಿನಲ್ಲಿ ನಿಮ್ಮ ಕರೆಂಟ್ ಎರಡು ಪಟ್ಟಾಗಬಹುದು, ಇನ್ನೂ ಹೆಚ್ಚಾದರೂ ಆಶ್ಚರ್ಯವಿಲ್ಲ. ಬೆಳಕು ಹೆಚ್ಚಾದಂತೆ ವೋಲ್ಟೇಜೂ 20ರಿಂದ 50 ಮಿಲಿವೋಲ್ಟ್ ಮೇಲೇರುತ್ತದೆ. 0.6ಕ್ಕೆ ಕಡಿಮೆ ಬಿದ್ದ ಭಾಗದಲ್ಲಿ ಹೆಚ್ಚಿನದು ಅದೇ.

ಇದನ್ನು ಪರೀಕ್ಷಿಸಲು ಹಣ ಬೇಡ. ಮೋಡವಿಲ್ಲದ ದಿನ, ಮಧ್ಯಾಹ್ನ 12ರ ಹೊತ್ತಿಗೆ ಕೋಶವನ್ನು ಒಂದು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ಮಹಡಿಗೆ ಒಯ್ಯಿರಿ. ಸೂರ್ಯನಿಗೆ ನೇರವಾಗಿ ಹಿಡಿದು, ಪಕ್ಕದಲ್ಲಿ ಅದೇ ಫೋಟೋಡಯೋಡ್ ಇಟ್ಟು ಅಳೆಯಿರಿ. ಬೆಳಕು ಬಿಸಿಲಿನದ್ದೇ ಆದಾಗ ಫೋಟೋಡಯೋಡ್ ಹೇಳುವ ಲೆಕ್ಕವೂ ನಂಬುವಂಥದ್ದಾಗುತ್ತದೆ. ಕಾಲೇಜಿನಲ್ಲಿ ಬಿಸಿಲಿನ ಒಟ್ಟು ಶಕ್ತಿ ಅಳೆಯುವ ಪೈರನೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕೋಶದ ಮುಂದೆ ವಿಸ್ತೀರ್ಣ ಗೊತ್ತಿರುವ ರಂಧ್ರದ ಕಪ್ಪು ತಗಡಿನ ಮಾಸ್ಕ್ ಕಡ್ಡಾಯ. ಪೆಡಾಟ್ ಪದರ ತಾನೇ ವಿದ್ಯುತ್ ಹರಿಸುವುದರಿಂದ ಮಾಸ್ಕ್ ಇಲ್ಲದಿದ್ದರೆ ಅಂಚಿನಾಚೆಯ ಕರೆಂಟೂ ಒಳಗೆ ಸೇರುತ್ತದೆ, ಲೆಕ್ಕ ಸುಳ್ಳೇ ಹೆಚ್ಚಾಗುತ್ತದೆ. ಒಳಗೇ ಅಳೆಯಬೇಕೆಂದಿದ್ದರೆ ಕೆಜಿ5 ಎಂಬ ಫಿಲ್ಟರ್ ಗಾಜು ಹೊದಿಸಿದ ಸಿಲಿಕಾನ್ ರೆಫರೆನ್ಸ್ ಕೋಶ ಬಳಸಬೇಕು. ಅದು ಇನ್‌ಫ್ರಾರೆಡ್ ತಡೆದು ಪಿ3ಎಚ್‌ಟಿ ನೋಡುವಷ್ಟನ್ನೇ ನೋಡುತ್ತದೆ.

ಈ ಮಾತನ್ನು ಇಷ್ಟು ಎಳೆದು ಹೇಳಲು ಇನ್ನೊಂದು ಕಾರಣವಿದೆ. ವೈ6 ಸುಮಾರು 930 ನ್ಯಾನೋಮೀಟರ್‌ವರೆಗೆ ಹೀರುತ್ತದೆ, ಹಾಗಾಗಿ ಹ್ಯಾಲೊಜೆನ್ ದೀಪದಿಂದ ಅದಕ್ಕೆ ಆಗುವ ನಷ್ಟ ಬಹಳ ಕಡಿಮೆ. ಈಗಿನ ದೀಪವನ್ನೇ ಇಟ್ಟುಕೊಂಡು ವಸ್ತು ಬದಲಿಸಿದರೆ ಕರೆಂಟ್ ನಿಜಕ್ಕಿಂತ ದೊಡ್ಡ ಜಿಗಿತ ಕಾಣಿಸುತ್ತದೆ. ಅದರಲ್ಲಿ ಒಂದು ಪಾಲು ದೀಪದ್ದು. ವೈವಾದಲ್ಲಿ ಯಾರಾದರೂ ಬಲ್ಲವರು ಕೂತಿದ್ದರೆ ಮೊದಲ ಪ್ರಶ್ನೆ ಅದೇ ಬರುತ್ತದೆ.

ಈಗ ನಾಲೆಗೆ ಬನ್ನಿ. ಫಿಲ್ ಫ್ಯಾಕ್ಟರ್ ಕುಸಿಯುವುದಕ್ಕೆ ಮುಖ್ಯವಾಗಿ ಎರಡು ದಾರಿ. ಕರೆಂಟ್ ಹೊರಬರುವ ದಾರಿಯಲ್ಲಿ ತಡೆ ಹೆಚ್ಚಿದ್ದರೆ ಅದು ಹೂಳು ತುಂಬಿದ ನಾಲೆ. ಇದನ್ನು ಸೀರೀಸ್ ರೆಸಿಸ್ಟೆನ್ಸ್ ಎನ್ನುತ್ತೇವೆ. ಪದರದಲ್ಲಿ ಸೂಕ್ಷ್ಮ ತೂತುಗಳಿದ್ದು ಎರಡು ಎಲೆಕ್ಟ್ರೋಡ್‌ಗಳ ನಡುವೆ ಕಳ್ಳದಾರಿ ಆಗಿದ್ದರೆ ಅದು ಒಡೆದ ದಂಡೆ, ಶಂಟ್. ನಿಮ್ಮ ಕರೆಂಟ್ ತೀರ ಕಡಿಮೆ ಇರುವಾಗಲೂ ಫಿಲ್ ಫ್ಯಾಕ್ಟರ್ ಇಷ್ಟು ಕೆಳಗಿದೆ. ಕಡಿಮೆ ಕರೆಂಟಿನಲ್ಲಿ ಸೀರೀಸ್ ತಡೆಯ ಕಾಟ ಕಡಿಮೆ, ಶಂಟ್ ಕಾಟ ಹೆಚ್ಚು. ಆದ್ದರಿಂದ ನನ್ನ ಕಣ್ಣು ಮೊದಲು ದಂಡೆ ಒಡೆದಿರುವ ಕಡೆಗೆ ಹೋಗುತ್ತದೆ.

ಕೋಶವನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿ ಕತ್ತಲಲ್ಲಿ ಕರೆಂಟ್-ವೋಲ್ಟೇಜ್ ರೇಖೆ ತೆಗೆಯಿರಿ. ಮೈನಸ್ ವೋಲ್ಟೇಜಿನ ಕಡೆ ರೇಖೆ ಹೆಚ್ಚುಕಡಿಮೆ ಸಪಾಟಾಗಿರಬೇಕು. ಅಲ್ಲೂ ಇಳಿಜಾರಾಗಿದ್ದರೆ ಶಂಟ್ ಖಚಿತ. ಕತ್ತಲಲ್ಲಿ ಸಪಾಟಾಗಿದ್ದು ಬೆಳಕಿನಲ್ಲಿ ಮಾತ್ರ ಇಳಿಜಾರು ಕಂಡರೆ ರೋಗ ಬೇರೆ: ಹುಟ್ಟಿದ ಚಾರ್ಜ್‌ಗಳು ಹೊರಗೆ ಬರುವಷ್ಟರಲ್ಲಿ ಒಳಗೇ ಮತ್ತೆ ಕೂಡಿ ಸಾಯುತ್ತಿವೆ. ಮೊದಲನೆಯದಕ್ಕೆ ಮದ್ದು ಸ್ವಚ್ಛತೆ, ಎರಡನೆಯದಕ್ಕೆ ಮಿಶ್ರಣದ ಪಾಕ. ಇವೆರಡನ್ನು ಬೇರ್ಪಡಿಸದೆ ಮದ್ದು ಹುಡುಕಲು ಹೋಗಬೇಡಿ. ನಾನು ಈ ಕೆಲಸ ಶುರುಮಾಡಿದ ಮೊದಲ ವರ್ಷ ಆರು ತಿಂಗಳಲ್ಲಿ ಮೂರು ಪಾಲಿಮರ್ ಬದಲಿಸಿದೆ, ಮೂರರಲ್ಲೂ ಫಿಲ್ ಫ್ಯಾಕ್ಟರ್ 40% ದಾಟಲಿಲ್ಲ. ಕೊನೆಗೆ ಒಬ್ಬ ಹಿರಿಯರು ಬಂದು ನನ್ನ ಕತ್ತಲ ರೇಖೆ ಕೇಳಿದರು. ಅದನ್ನು ನಾನು ಒಮ್ಮೆಯೂ ತೆಗೆದಿರಲಿಲ್ಲ. ದ್ರಾವಣವನ್ನು ಸೋಸದೆ ಹಾಕುತ್ತಿದ್ದೆ, ಕರಗದ ಕಣಗಳ ಸುತ್ತ ತೂತು ಬೀಳುತ್ತಿತ್ತು. 0.45 ಮೈಕ್ರಾನ್ ಪಿಟಿಎಫ್‌ಇ ಫಿಲ್ಟರ್ ಸಿರಿಂಜಿಗೆ ಹಾಕಿದ ವಾರವೇ ಹಳೆಯ ಪಾಲಿಮರ್ 55% ಕೊಟ್ಟಿತು. ಆ ಆರು ತಿಂಗಳು ನಿಮಗೆ ಹೋಗಬಾರದು ಎಂದೇ ಇದನ್ನು ಹೇಳುತ್ತಿದ್ದೇನೆ.

ತೂತಿಗೆ ಇನ್ನೂ ಕಾರಣಗಳಿವೆ. ಐಟಿಒ ಗಾಜನ್ನು ಸೋಪಿನ ನೀರು, ಡಿಸ್ಟಿಲ್ಡ್ ವಾಟರ್, ಅಸಿಟೋನ್, ಐಸೊಪ್ರೊಪನಾಲ್‌ಗಳಲ್ಲಿ ಒಂದಾದ ಮೇಲೊಂದು ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಯಬೇಕು, ಆಮೇಲೆ ಯುವಿ-ಓಝೋನ್ ಇದ್ದರೆ 15 ನಿಮಿಷ. ನೀರಿನ ಹನಿ ಬಿಟ್ಟರೆ ಗಾಜಿನ ಮೇಲೆ ಗುಂಡಗೆ ನಿಲ್ಲದೆ ಹರಡಿಕೊಳ್ಳಬೇಕು, ತೊಳೆದದ್ದು ಸಾಕಾಯಿತೇ ಎಂಬುದಕ್ಕೆ ಅದೇ ಪರೀಕ್ಷೆ. ಪೆಡಾಟ್ ಪದರವನ್ನು 120–140 ಡಿಗ್ರಿಗೆ ಕನಿಷ್ಠ 10 ನಿಮಿಷ ಒಣಗಿಸಿ, ಅದು ನೀರು ಹೀರುವ ವಸ್ತು. ಅಲ್ಯೂಮಿನಿಯಂ ಹಾಕುವಾಗ ಮೊದಲ 10 ನ್ಯಾನೋಮೀಟರ್ ನಿಧಾನವಾಗಿ ಕೂರಲಿ.

ಈಗ ಪಾಕದ ಮಾತು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಹೆಚ್ಚು ಬಿದ್ದದ್ದು "ಕಿತ್ತಳೆಗೆಂಪಾಗಿ ಹೊಳೆಯುತ್ತದೆ" ಎಂಬ ಸಾಲು. ಚೆನ್ನಾಗಿ ಹದಗೊಂಡ ಪಿ3ಎಚ್‌ಟಿ ಫಿಲ್ಮ್ ಹಾಗಿರುವುದಿಲ್ಲ. ಅದು ನೇರಳೆ ಹಣ್ಣಿನ ರಸ ಬಳಿದ ಹಾಗೆ ಕಪ್ಪು-ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಯಾಕೆ ಎಂದು ತಿಳಿಯಲು ಒಳಗೆ ಏನಾಗುತ್ತಿದೆ ಎಂಬುದನ್ನು ನೋಡಬೇಕು.

ಸಿಲಿಕಾನ್ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಹೋಲ್ ಹುಟ್ಟಿದ ಕ್ಷಣವೇ ಬಿಡುಗಡೆಯಾಗಿ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಇಂಗಾಲದ ಈ ವಸ್ತುಗಳಲ್ಲಿ ಹಾಗಾಗುವುದಿಲ್ಲ. ಎರಡೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡೇ ಹುಟ್ಟುತ್ತವೆ. ಆ ಜೋಡಿಗೆ ಎಕ್ಸಿಟಾನ್ ಎನ್ನುತ್ತೇವೆ. ಅದನ್ನು ಬಿಡಿಸಲು ಸುಮಾರು 0.3ರಿಂದ 0.5 ಎಲೆಕ್ಟ್ರಾನ್-ವೋಲ್ಟ್ ಬೇಕು, ಕೋಣೆಯ ಶಾಖ ಕೊಡುವುದು 0.025 ಮಾತ್ರ. ಹಾಗಾಗಿ ಎಲೆಕ್ಟ್ರಾನನ್ನು ಬಯಸುವ ಇನ್ನೊಂದು ವಸ್ತು ಪಕ್ಕದಲ್ಲೇ ಇರಬೇಕು. ಪಾಲಿಮರಿನಲ್ಲಿ ಹುಟ್ಟಿದ ಎಕ್ಸಿಟಾನ್ ಸಾಯುವ ಮೊದಲು ಸಾಗಬಲ್ಲ ದೂರ 10 ನ್ಯಾನೋಮೀಟರ್ ಆಸುಪಾಸು. ಅಷ್ಟರೊಳಗೆ ಎರಡು ವಸ್ತುಗಳ ಗಡಿ ಸಿಕ್ಕರೆ ಬದುಕಿತು. 1986ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಎರಡು ಪದರಗಳನ್ನು ಒಂದರ ಮೇಲೊಂದು ಇಟ್ಟು ಸುಮಾರು 1% ಪಡೆದಾಗ ಮಿತಿ ಹಾಕಿದ್ದು ಈ 10 ನ್ಯಾನೋಮೀಟರೇ: ಬೆಳಕು ಪೂರ್ತಿ ಹೀರಲು 100 ನ್ಯಾನೋಮೀಟರ್ ದಪ್ಪ ಬೇಕು, ಕೆಲಸಕ್ಕೆ ಬರುವುದು ಗಡಿಯ ಪಕ್ಕದ 10 ಮಾತ್ರ. 1995ರಲ್ಲಿ ಅಮೆರಿಕದ ಅಲನ್ ಹೀಗರ್ ಅವರ ತಂಡ ಎರಡನ್ನೂ ಒಂದೇ ದ್ರಾವಣದಲ್ಲಿ ಕಲಸಿ, ಗಡಿಯನ್ನು ಪದರದ ತುಂಬ ಹರಡಿಬಿಟ್ಟಿತು. ನೀವು ಇಂದು ಸ್ಪಿನ್ ಮಾಡುವುದು ಅದೇ ಮಿಶ್ರಣದ ಮೊಮ್ಮಗು.

ಆದರೆ ಕಲಸಿದರೆ ಸಾಲದು, ಹದವಾಗಿ ಬೇರೆಯಾಗಬೇಕು. ತೀರ ನುಣ್ಣಗೆ ಬೆರೆತರೆ ಎಕ್ಸಿಟಾನ್ ಒಡೆಯುತ್ತದೆ, ಆದರೆ ಚಾರ್ಜ್‌ಗಳಿಗೆ ಹೊರಹೋಗುವ ದಾರಿ ಇರುವುದಿಲ್ಲ. ಮುದ್ದೆಮುದ್ದೆಯಾಗಿ ಬೇರ್ಪಟ್ಟರೆ ದಾರಿ ಇರುತ್ತದೆ, ಎಕ್ಸಿಟಾನ್ ಗಡಿ ಮುಟ್ಟುವುದಿಲ್ಲ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಇದು. ಬೇಗ ತೆಗೆದರೆ ಹಾಲು ಹಾಲೇ ಇರುತ್ತದೆ, ಹೊತ್ತು ಮೀರಿದರೆ ನೀರೇ ಬೇರೆ, ಗಟ್ಟಿಯೇ ಬೇರೆ. ನೀವು ಕ್ಲೋರೋಫಾರ್ಮ್ ಬಳಸುತ್ತೀರಿ. ಅದು ಕುದಿಯುವುದು 61 ಡಿಗ್ರಿಗೆ, ಸ್ಪಿನ್ ಆಗುತ್ತಿರುವಾಗಲೇ ಆರಿಹೋಗುತ್ತದೆ. ಪಿ3ಎಚ್‌ಟಿ ಸರಪಳಿಗಳಿಗೆ ಒತ್ತಾಗಿ ಜೋಡಿಸಿಕೊಂಡು ಕೂರಲು ಸಮಯವೇ ಇಲ್ಲ. ಮೇಲೆ 80 ಡಿಗ್ರಿಯ ಶಾಖ ಅವನ್ನು ಅಲುಗಿಸಲು ಸಾಕಾಗಿಲ್ಲ. ಅದಕ್ಕೇ ಕಿತ್ತಳೆ ಬಣ್ಣ.

ಬದಲಿಗೆ ಕ್ಲೋರೋಬೆಂಜೀನ್ ಬಳಸಿ, ಅದು ಕುದಿಯುವುದು 132 ಡಿಗ್ರಿಗೆ. ತೂಕದಲ್ಲಿ 1:1 ಅಥವಾ 1:0.8 ಅನುಪಾತ. ಅಲ್ಯೂಮಿನಿಯಂ ಹಾಕಿದ ಮೇಲೆ 140–150 ಡಿಗ್ರಿಗೆ ಕಾಯಿಸಿ. 2005ರಲ್ಲಿ ಹೀಗರ್ ತಂಡವೇ ಹೀಗೆ ಎಲೆಕ್ಟ್ರೋಡ್ ಹಾಕಿದ ನಂತರ 150 ಡಿಗ್ರಿಗೆ ಕಾಯಿಸಿ ಇದೇ ಮಿಶ್ರಣದಲ್ಲಿ 5% ಹತ್ತಿರ ಮುಟ್ಟಿತ್ತು. ಮೇಲೆ ಲೋಹ ಇರುವುದರಿಂದ ಪದರ ಅಡ್ಡಾದಿಡ್ಡಿ ಮುದ್ದೆಗಟ್ಟುವುದಿಲ್ಲ. 5, 10, 20 ನಿಮಿಷ ಎಂದು ಮೂರು ಗುಂಪು ಮಾಡಿ ನೋಡಿ. ಯುವಿ-ವಿಸಿಬಲ್ ಉಪಕರಣ ಕೆಮಿಸ್ಟ್ರಿ ವಿಭಾಗದಲ್ಲಿ ಇದ್ದೇ ಇರುತ್ತದೆ, ಲೋಹ ಹಾಕದ ಜೊತೆ ಫಿಲ್ಮ್ ಒಂದನ್ನು ಅದರಲ್ಲಿಡಿ. 550 ಮತ್ತು 600 ನ್ಯಾನೋಮೀಟರ್ ಹತ್ತಿರ ಹೀರಿಕೆಯ ರೇಖೆಯಲ್ಲಿ ಎರಡು ಭುಜ (ಸಣ್ಣ ಉಬ್ಬು) ಎದ್ದರೆ ಸರಪಳಿಗಳು ಜೋಡಿಸಿಕೊಂಡಿವೆ ಎಂದರ್ಥ. ಎದ್ದೇ ಇಲ್ಲವೆಂದರೆ ನಿಮ್ಮ ಪಿ3ಎಚ್‌ಟಿ ಬಾಟಲಿಯನ್ನೇ ಅನುಮಾನಿಸಿ. ಅದರ ಮೇಲೆ ರೀಜಿಯೋರೆಗ್ಯುಲರ್ ಎಂದು ಬರೆದಿರಬೇಕು, ಅಂದರೆ ಸರಪಳಿಯ ಕವಲುಗಳೆಲ್ಲ ಒಂದೇ ಕ್ರಮದಲ್ಲಿರುವಂಥದ್ದು. ರೀಜಿಯೋರಾಂಡಮ್ ಆಗಿದ್ದರೆ ಎಷ್ಟು ಕಾಯಿಸಿದರೂ ಬಣ್ಣ ತಿರುಗುವುದಿಲ್ಲ.

ಗ್ಲೋವ್ ಬಾಕ್ಸ್ ವಿಷಯ. ನಿಮ್ಮ ಗೆಳತಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದಾಖಲೆ ಮುರಿಯುವ ಕೋಶಗಳಿಗೆ ಅದು ಬೇಕು. ಪಿ3ಎಚ್‌ಟಿಯನ್ನು ಗಾಳಿಯಲ್ಲಿ ಸ್ಪಿನ್ ಮಾಡಿದರೆ ಸ್ವಲ್ಪ ಕಳೆದುಕೊಳ್ಳುತ್ತೀರಿ, ಎಲ್ಲವನ್ನೂ ಅಲ್ಲ. ಬಿಸಿ, ಬೆಳಕು ಮತ್ತು ಆಮ್ಲಜನಕ ಮೂರೂ ಒಟ್ಟಿಗೆ ಸೇರಿದಾಗ ಹಾನಿ ಹೆಚ್ಚು. ಹಾಗಾಗಿ ಕೋಣೆಯ ದೀಪ ಮಂಕು ಮಾಡಿಕೊಳ್ಳಿ. ಕಾಯಿಸುವಾಗ ಮಾತ್ರ ಹಾಟ್ ಪ್ಲೇಟ್ ಮೇಲೆ ಗಾಜಿನ ಲಾಳಿಕೆಯನ್ನು ಬೋರಲು ಹಾಕಿ, ಅದರ ಕೊಳವೆಯಿಂದ ನೈಟ್ರೋಜನ್ ಸಣ್ಣಗೆ ಹರಿಯಲು ಬಿಡಿ. ಮಳೆಗಾಲದ ತೇವದ ದಿನಗಳಲ್ಲಿ ಸ್ಪಿನ್ ಮಾಡಬೇಡಿ. ತೇವ ಎಷ್ಟಿತ್ತು ಎಂಬುದನ್ನು ಪ್ರತಿದಿನ ಪುಸ್ತಕದಲ್ಲಿ ಬರೆದಿಡಿ. ಎರಡು ತಿಂಗಳ ನಂತರ ಆ ಕಾಲಂ ನಿಮಗೆ ಬಹಳ ವಿಷಯ ಹೇಳುತ್ತದೆ.

ವಾರದಲ್ಲಿ ಕೋಶ ಸಾಯುವುದಕ್ಕೆ ಕಾರಣ ಬಹುಮಟ್ಟಿಗೆ ನಿಮ್ಮ ರಚನೆಯಲ್ಲೇ ಇದೆ. ಪೆಡಾಟ್-ಪಿಎಸ್‌ಎಸ್ ಆಮ್ಲೀಯ, ನೀರು ಹೀರುತ್ತದೆ, ಐಟಿಒವನ್ನು ಮೆಲ್ಲಗೆ ತಿನ್ನುತ್ತದೆ. ಅಲ್ಯೂಮಿನಿಯಂ ಗಾಳಿ ತಾಕಿದರೆ ಆಕ್ಸೈಡ್ ಆಗುತ್ತದೆ. ರಚನೆಯನ್ನು ತಲೆಕೆಳಗು ಮಾಡಿ ಐಟಿಒ ಮೇಲೆ ಜಿಂಕ್ ಆಕ್ಸೈಡ್, ಆಮೇಲೆ ಮಿಶ್ರಣ, ಮಾಲಿಬ್ಡಿನಮ್ ಆಕ್ಸೈಡ್, ಕೊನೆಗೆ ಬೆಳ್ಳಿ ಹಾಕಿದರೆ ಈ ಎರಡು ತೊಂದರೆಯೂ ತಪ್ಪುತ್ತವೆ, ಗಾಳಿಯಲ್ಲಿ ಹೆಚ್ಚು ದಿನ ಬಾಳುತ್ತದೆ. ನನಗೆ ಕೇಳಿದರೆ ಗ್ಲೋವ್ ಬಾಕ್ಸ್ ಇಲ್ಲದ ಲ್ಯಾಬಿಗೆ ಇದೇ ಸರಿಯಾದ ರಚನೆ. ಅಪಾಯವೂ ಇದೆ: ಬಹಳ ಜನ ಜಿಂಕ್ ಆಕ್ಸೈಡ್ ದ್ರಾವಣವನ್ನು 2-ಮೆಥಾಕ್ಸಿಎಥನಾಲ್‌ನಲ್ಲಿ ಮಾಡುತ್ತಾರೆ, ಅದು ಸಂತಾನಶಕ್ತಿಗೂ ಗರ್ಭದ ಮಗುವಿಗೂ ಹಾನಿ ಮಾಡುವ ದ್ರಾವಕ.

ಇಲ್ಲಿ ನಿಮ್ಮ ಅಪ್ಪನವರ ಮಾತಿಗೆ ಬರಬೇಕು. ಅವರ ತಪ್ಪಲ್ಲ. ನಮ್ಮ ಭಾಷೆಯಲ್ಲಿ ಸಾವಯವ ಎಂದಕೂಡಲೇ ಗೊಬ್ಬರದ ಗುಂಡಿ, ಎರೆಹುಳು, ವಿಷವಿಲ್ಲದ ತರಕಾರಿ ನೆನಪಾಗುತ್ತದೆ. ಈ ಕೋಶದ ಹೆಸರಿನಲ್ಲಿರುವ ಸಾವಯವಕ್ಕೆ ಇಂಗಾಲದ ಸಂಯುಕ್ತ ಎಂಬುದಷ್ಟೇ ಅರ್ಥ. ಮುಗಿದ ಕೋಶದಲ್ಲಿ ಸೀಸವಿಲ್ಲ, ಅದು ಒಳ್ಳೆಯ ಗುಣವೇ. ಮಾಡುವ ದಾರಿಯಲ್ಲಿ ಮಾತ್ರ ಕ್ಲೋರೋಫಾರ್ಮ್, ಕ್ಲೋರೋಬೆಂಜೀನ್ ಎರಡೂ ಯಕೃತ್ತಿಗೆ ಕೆಟ್ಟವು. "ತೆರೆದ ಕೋಣೆ" ಎಂದು ಬರೆದಿದ್ದೀರಿ. ಸ್ಪಿನ್ ಕೋಟರನ್ನು ದಯವಿಟ್ಟು ನಾಳೆಯೇ ಫ್ಯೂಮ್ ಹುಡ್ ಒಳಗೆ ಸರಿಸಿ. ನೈಟ್ರೈಲ್ ಕೈಗವಸು ಹಾಕಿದ್ದೇನೆ ಎಂದು ಧೈರ್ಯ ಮಾಡಬೇಡಿ, ಈ ದ್ರಾವಕಗಳು ಅದನ್ನು ಕೆಲವೇ ನಿಮಿಷದಲ್ಲಿ ದಾಟುತ್ತವೆ. ಚೆಲ್ಲಿದರೆ ತಕ್ಷಣ ಬದಲಿಸಿ. ದಕ್ಷತೆ ಏರದಿದ್ದರೂ ಡಿಗ್ರಿ ಸಿಗುತ್ತದೆ, ಯಕೃತ್ತು ಕೆಟ್ಟರೆ ಬದಲಿ ಸಿಗುವುದಿಲ್ಲ.

ಗೈಡ್ ಸರ್ ಹೇಳಿದ ಪಿಎಂ6, ವೈ6 ಈಗ ನೋಡೋಣ. ಅವರ ಮಾತಿನಲ್ಲಿ ತೂಕವಿದೆ. ಹಳೆಯ ಮಿಶ್ರಣದ ನಿಜವಾದ ಕೊರತೆ ಎರಡು. ಬಿಸಿಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು 650 ನ್ಯಾನೋಮೀಟರ್ ಆಚೆಗಿದೆ, ಪಿ3ಎಚ್‌ಟಿ ಅದನ್ನು ಮುಟ್ಟುವುದೇ ಇಲ್ಲ, ಪಿಸಿಬಿಎಂ ಕೂಡ ಕಾಣುವ ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ. ಎರಡನೆಯದು ವೋಲ್ಟೇಜ್ ನಷ್ಟ. ಪಿ3ಎಚ್‌ಟಿಯ ಬ್ಯಾಂಡ್ ಗ್ಯಾಪ್ (ಅದು ಹೀರಬಲ್ಲ ಬೆಳಕಿನ ಕನಿಷ್ಠ ಶಕ್ತಿ) 1.9 ಎಲೆಕ್ಟ್ರಾನ್-ವೋಲ್ಟ್, ಕೈಗೆ ಬರುವುದು 0.6 ವೋಲ್ಟ್, 1.3 ದಾರಿಯಲ್ಲೇ ಹೋಯಿತು. ಎಕ್ಸಿಟಾನ್ ಒಡೆಯಲು ಎರಡು ವಸ್ತುಗಳ ನಡುವೆ ದೊಡ್ಡ ಶಕ್ತಿಯ ಇಳಿಜಾರು ಬೇಕೇ ಬೇಕು ಎಂದು ನಾವೆಲ್ಲ ವರ್ಷಗಟ್ಟಲೆ ನಂಬಿದ್ದೆವು. 2015ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಶಿಯಾವೇ ಝಾನ್ ತಂಡ ಐಟಿಐಸಿ ಎಂಬ ಅಣು ತಂದಿತು. ಅದರಲ್ಲಿ ಫುಲ್ಲರೀನ್ ಇಲ್ಲ, ತಾನೇ ಬೆಳಕು ಹೀರುತ್ತದೆ. ಮೊದಲ ಫಲ 7% ಒಳಗೆ, ಮರುವರ್ಷ 11% ದಾಟಿತು. 2019ರಲ್ಲಿ ಚೀನಾದ ಸೆಂಟ್ರಲ್ ಸೌತ್ ವಿಶ್ವವಿದ್ಯಾಲಯದ ಯಿಂಗ್‌ಪಿಂಗ್ ಝೌ ತಂಡದ ವೈ6 ಬಂತು: ಪಿಎಂ6 ಪಾಲಿಮರ್ ಜೊತೆ ಬೆರೆಸಿದಾಗ ದಕ್ಷತೆ 15.7%, ವೋಲ್ಟೇಜ್ 0.83, ಕರೆಂಟ್ 25. ಬ್ಯಾಂಡ್ ಗ್ಯಾಪ್ 1.33 ಎಂದರೆ ನಷ್ಟ ಬರೀ 0.5. ಇಳಿಜಾರು ತೀರ ಸಣ್ಣದಿದ್ದರೂ ಚಾರ್ಜ್ ಬೇರ್ಪಡುತ್ತದೆ ಎಂದು ತೋರಿಸಿದ್ದೇ ಈ ಅಣುಗಳ ದೊಡ್ಡ ಕೊಡುಗೆ. ಇಂದು ಪ್ರಯೋಗಾಲಯದ ಸಣ್ಣ ಕೋಶಗಳು 20% ಮುಟ್ಟಿರುವುದು ಈ ಕುಟುಂಬದಿಂದಲೇ.

ಆ 20% ಓದುವಾಗ ಒಂದು ವಿಷಯ ಗಮನದಲ್ಲಿರಲಿ. ಆ ಕೋಶಗಳ ವಿಸ್ತೀರ್ಣ ಸಾಮಾನ್ಯವಾಗಿ 0.1 ಚದರ ಸೆಂಟಿಮೀಟರಿಗೂ ಕಡಿಮೆ, ಎಳ್ಳುಕಾಳಿನಷ್ಟು. ವಿಸ್ತೀರ್ಣ ಹೆಚ್ಚಿದಂತೆ ಐಟಿಒ ತಡೆ, ದಪ್ಪದ ಏರುಪೇರು, ತೂತು ಎಲ್ಲವೂ ಸೇರಿ ದಕ್ಷತೆ ಇಳಿಯುತ್ತದೆ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಾಳುವುದು ಇನ್ನೂ ಬೇರೆಯೇ ಪರೀಕ್ಷೆ. ಸಿಲಿಕಾನ್ 27% ದಾಟಿದೆ, ಅದರ ಪ್ಯಾನೆಲ್‌ಗಳು 25 ವರ್ಷದ ಖಾತರಿಯೊಂದಿಗೆ ಬರುತ್ತವೆ. ಪಾವಗಡದ 13,000 ಎಕರೆಯಲ್ಲಿ ನಾಳೆ ಸಾವಯವ ಕೋಶ ಹಾಸುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಗುವ, ಹಗುರವಾದ, ಬೆಳಕು ಹಾಯುವ ಕೋಶ ಬೇಕಾದ ಕಡೆ ಇದಕ್ಕೆ ಸ್ಥಾನವಿದೆ.

ನಾಲ್ಕು ತಿಂಗಳಲ್ಲಿ ವೈ6ಗೆ ಹೋಗಬಹುದೇ? ಹೋಗಬಹುದು, ಆದರೆ ದಂಡೆ ಕಟ್ಟಿದ ಮೇಲೆ. ಈ ವಸ್ತುಗಳು ದುಬಾರಿ, 100 ಮಿಲಿಗ್ರಾಂ ತರಿಸಿದರೆ ಕಲಿಯುವ ತಪ್ಪುಗಳಿಗೇ ಮುಗಿಯುತ್ತದೆ. ಬರುವುದಕ್ಕೂ ವಾರಗಳು ಹಿಡಿಯುತ್ತವೆ. ಮೂಲ ಕೆಲಸದ ಪಾಕ ಸರಳವೇ ಇದೆ: 1:1.2 ಅನುಪಾತ, ಕ್ಲೋರೋಫಾರ್ಮ್, ಅರ್ಧ ಪ್ರತಿಶತ ಕ್ಲೋರೋನ್ಯಾಫ್ತಲೀನ್, 110 ಡಿಗ್ರಿಗೆ 10 ನಿಮಿಷ. 300 ನ್ಯಾನೋಮೀಟರ್ ದಪ್ಪದಲ್ಲೂ 13.6% ಕೊಟ್ಟಿತ್ತು, ಅಂದರೆ ದಪ್ಪದ ತಪ್ಪುಗಳನ್ನು ತಕ್ಕಮಟ್ಟಿಗೆ ಸಹಿಸುತ್ತದೆ. ಅದೇ ಹೊತ್ತಿಗೆ ಜಿಂಕ್ ಆಕ್ಸೈಡ್ ಮೇಲೆ ಕೂರಿಸಿದರೆ ಯುವಿ ಬೆಳಕಿನಲ್ಲಿ ಆ ಆಕ್ಸೈಡೇ ವೈ6 ಅಣುವನ್ನು ಒಡೆಯುತ್ತದೆ. ಯುವಿ ತಡೆಯುವ ಫಿಲ್ಮ್ ಹಾಕಬೇಕು ಅಥವಾ ಟಿನ್ ಆಕ್ಸೈಡ್ ಬಳಸಬೇಕು. ಸೋಸದ ದ್ರಾವಣ, ತಪ್ಪು ದೀಪ, ಮಾಸ್ಕ್ ಇಲ್ಲದ ಅಳತೆ ಹಾಗೇ ಉಳಿದರೆ ವೈ6 ಕೂಡ ನಿಮಗೆ 4–5% ಕೊಟ್ಟು ನಿಲ್ಲುತ್ತದೆ, ಯಾಕೆ ಎಂಬುದೂ ತಿಳಿಯುವುದಿಲ್ಲ.

ನಡುದಾರಿ ಒಂದಿದೆ, ಗೈಡ್ ಸರ್ ಮುಂದೆ ಇಟ್ಟು ನೋಡಿ. ಪಿ3ಎಚ್‌ಟಿಯನ್ನು ಉಳಿಸಿಕೊಂಡು ಪಿಸಿಬಿಎಂ ಜಾಗದಲ್ಲಿ ಒ-ಐಡಿಟಿಬಿಆರ್ ಎಂಬ ಅಣು ಹಾಕಿದರೆ 2016ರಲ್ಲಿ 6.4% ಬಂದಿದೆ. ಒಂದೇ ವಸ್ತು ಬದಲಾಗುವುದರಿಂದ ಹೋಲಿಕೆಯೂ ಸ್ವಚ್ಛವಾಗಿರುತ್ತದೆ, ನೀವು ಕಲಿತ ಪಾಕದ ಬಹುಪಾಲು ಉಳಿಯುತ್ತದೆ. ಮೂರು ವಸ್ತುಗಳ ಮಿಶ್ರಣ, ಎರಡು ಕೋಶಗಳನ್ನು ಪೇರಿಸುವ ಟ್ಯಾಂಡಮ್ ಎಲ್ಲ ದಕ್ಷತೆ ಏರಿಸುವ ನಿಜವಾದ ದಾರಿಗಳೇ, ಆದರೆ ನಾಲ್ಕು ತಿಂಗಳಿಗೆ ಅವು ಬೇಡ.

ಹೊಸ ವಸ್ತುವಿಗೆ ಹಣವೇ ಆಗಲಿಲ್ಲವೆಂದರೆ ಕೈಯಲ್ಲಿರುವುದನ್ನು ಮನೆಯೊಳಗಿನ ಎಲ್‌ಇಡಿ ಬೆಳಕಿನಲ್ಲಿ ಅಳೆಯುವ ಕೆಲಸವನ್ನು ನಾನು ಖುಷಿಯಿಂದ ಸೂಚಿಸುತ್ತೇನೆ. ಎಲ್‌ಇಡಿ ಬೆಳಕಿನಲ್ಲಿ ಇನ್‌ಫ್ರಾರೆಡ್ ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಬಿಸಿಲಿನಲ್ಲಿ ಕೊರತೆಯಾಗಿದ್ದ 1.9ರ ಬ್ಯಾಂಡ್ ಗ್ಯಾಪ್ ಅಲ್ಲಿ ಸರಿಯಾದ ಅಳತೆಯಾಗುತ್ತದೆ. ಸೆನ್ಸರ್‌ಗಳಿಗೆ ಬ್ಯಾಟರಿ ಬದಲು ಇಂಥ ಕೋಶ ಬಳಸುವ ಸಂಶೋಧನೆ ಈಗ ಗಂಭೀರವಾಗಿ ನಡೆದಿದೆ. ಮಂದ ಬೆಳಕಿನಲ್ಲಿ ಸಣ್ಣ ಶಂಟ್ ಕೂಡ ಎಲ್ಲವನ್ನೂ ನುಂಗುತ್ತದೆ, ಹಾಗಾಗಿ ನಿಮ್ಮ ದಂಡೆ ನಿಜವಾಗಿ ಕಟ್ಟಿದೆಯೇ ಎಂಬುದಕ್ಕೂ ಅದು ಕಠಿಣ ಪರೀಕ್ಷೆ. ತೊಡಕು ಇರುವುದು ಅಳತೆಯಲ್ಲಿ. ಲಕ್ಸ್ ಮೀಟರ್ ಹೇಳುವುದು ಕಣ್ಣಿನ ಲೆಕ್ಕ, ಅದನ್ನು ಶಕ್ತಿಯಾಗಿ ಬದಲಿಸಲು ಆ ದೀಪದ ಸ್ಪೆಕ್ಟ್ರಮ್ ಬೇಕೇ ಬೇಕು.

ನಾನಾಗಿದ್ದರೆ ಮೊದಲ ತಿಂಗಳು ಅಳತೆ ಮತ್ತು ಸ್ವಚ್ಛತೆ, ಎರಡನೆಯದು ದ್ರಾವಕ ಮತ್ತು ಶಾಖ, ಮೂರನೆಯದು ತಲೆಕೆಳಗಿನ ರಚನೆ ಅಥವಾ ಹೊಸ ಅಣು, ಕೊನೆಯದು ಬರವಣಿಗೆ ಎಂದು ಹಂಚಿಕೊಳ್ಳುತ್ತಿದ್ದೆ. ಪ್ರತಿ ಬದಲಾವಣೆಗೂ ಕನಿಷ್ಠ 10 ಕೋಶ ಮಾಡಿ, ವರದಿಯಲ್ಲಿ ಅತ್ಯುತ್ತಮವಾದ ಒಂದರ ಜೊತೆ ಎಲ್ಲದರ ಸರಾಸರಿಯನ್ನೂ ಬರೆಯಿರಿ. ಯಾವ ಬಣ್ಣದ ಬೆಳಕಿಗೆ ಎಷ್ಟು ಕರೆಂಟ್ ಎಂದು ಅಳೆಯುವ ಇಕ್ಯೂಇ ಉಪಕರಣ ನಿಮ್ಮಲ್ಲಿ ಇರಲಾರದು. ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರ ಐಎನ್‌ಯುಪಿ ಯೋಜನೆಯಡಿ ಹೊರಗಿನ ಕಾಲೇಜಿನವರಿಗೂ ತರಬೇತಿ ಮತ್ತು ಉಪಕರಣ ಬಳಸುವ ಅವಕಾಶ ಕೊಡುತ್ತಾ ಬಂದಿದೆ. ಐ-ಸ್ಟೆಮ್ ತಾಣದಲ್ಲಿ ದೇಶದ ಯಾವ ಲ್ಯಾಬಿನಲ್ಲಿ ಯಾವ ಉಪಕರಣ ಬಾಡಿಗೆಗೆ ಸಿಗುತ್ತದೆ ಎಂದು ಹುಡುಕಬಹುದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಅವರ ತಂಡ ಬಹು ವರ್ಷಗಳಿಂದ ಇದೇ ವಿಷಯದಲ್ಲಿ ಕೆಲಸ ಮಾಡಿದೆ, ಅವರ ಪ್ರಬಂಧಗಳನ್ನು ಓದಿ. ಇಕ್ಯೂಇಯಿಂದ ಲೆಕ್ಕ ಹಾಕಿದ ಕರೆಂಟ್ ಮತ್ತು ಬಿಸಿಲಿನಲ್ಲಿ ಅಳೆದ ಕರೆಂಟ್ ಹತ್ತಿರ ಬಂದರೆ, ಆಮೇಲೆ ನಿಮ್ಮ ಸಂಖ್ಯೆಯನ್ನು ಯಾರೂ ಪ್ರಶ್ನಿಸಲಾರರು.

ಕತ್ತಲ ರೇಖೆ ಮತ್ತು ಮಧ್ಯಾಹ್ನದ ಬಿಸಿಲಿನ ರೇಖೆ ಎರಡೂ ಸಿಕ್ಕಮೇಲೆ ಮತ್ತೆ ಬರೆಯಿರಿ, ಜೊತೆಗಿಟ್ಟು ನೋಡೋಣ. ಕೋಶದ ವಿಸ್ತೀರ್ಣ ಎಷ್ಟು, ಅಳೆಯುವಾಗ ಮಾಸ್ಕ್ ಹಾಕಿದ್ದಿರಾ ಎಂಬುದನ್ನೂ ಸೇರಿಸಿ. ಈ ಸಲದ ಪತ್ರದಲ್ಲಿ ಅದು ಇರಲಿಲ್ಲ.